ಎಡ ಲೇನಿನಲ್ಲಿ ಒಡೆದ ಬೂದುಗುಂಬಳಕಾಯಿ

ಪ್ರಾಯೋಜಕರನ್ನು ಹುಡುಕಿಕೊಂಡು ಹೊರಟವರಿಗೆ ನಾನು ಹೇಳುವ ಮೊದಲ ಮಾತು, ದುಡ್ಡು ಕೇಳಬೇಡಿ. ದುಡ್ಡು ಅಂದ ತಕ್ಷಣ ಅಂಗಡಿಯವರ ಕೈ ಗಲ್ಲಾಪೆಟ್ಟಿಗೆಯ ಮೇಲೆ ಹೋಗಿ ಕೂರುತ್ತದೆ. ಅಲ್ಲಿಂದ ಅದನ್ನು ಎಬ್ಬಿಸುವುದು ಕಷ್ಟ. ಅವರ ಹತ್ತಿರ ಆಗಲೇ ಇರುವ ವಸ್ತು ಕೇಳಿ. ಶಾಮಿಯಾನದವರ ಹತ್ತಿರ ನೆರಳು ಕೇಳಿ, ನೀರಿನ ಪ್ಲಾಂಟಿನವರ ಹತ್ತಿರ ಕ್ಯಾನು ಕೇಳಿ, ಸೌಂಡ್ ಸಿಸ್ಟಮ್‌ನವರ ಹತ್ತಿರ ಮೈಕು ಕೇಳಿ. ಹೊತ್ತು ನೋಡಿಕೊಂಡು ಹೋಗಿ. ಬೋಣಿಗೆ ಮುಂಚೆ ಹೋಗಿ ಏನಾದರೂ ಬಿಟ್ಟಿ ಕೇಳಿದರೆ ಯಾರಿಗಾದರೂ ಮುಖ ಗಂಟಾಗುತ್ತದೆ. ಸಂಜೆ ವ್ಯಾಪಾರದ ಹೊತ್ತಂತೂ ಬೇಡವೇ ಬೇಡ. ಬೋಣಿ ಆಗಿ, ಬೆಳಗಿನ ಕಾಫಿ ಫ್ಲಾಸ್ಕಿನಿಂದ ಲೋಟಕ್ಕೆ ಇಳಿಯುವ ಗಳಿಗೆಗೆ ಹೋದರೆ ನಿಮಗೂ ಅರ್ಧ ಲೋಟ ಸಿಗುತ್ತದೆ. ಕಾಫಿ ಕೊಟ್ಟವರು ಪೂರ್ತಿ ಇಲ್ಲ ಅನ್ನುವುದಿಲ್ಲ.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಮೂಡಲಪಾಳ್ಯದಲ್ಲಿ ನನ್ನದು ಬೈಕು ಸ್ಕೂಟರುಗಳಿಗೆ ಸೀಟ್ ಕವರ್ ಹಾಕುವ ಅಂಗಡಿ. ಮೊದಲು ಅದೇ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು ಕೂತಿದ್ದೆ. ಕಟ್ಟೆಯಿಂದ ಒಳಗೆ ಹೋಗುವುದಕ್ಕೆ ನನಗೆ ಬೇಕಾದಷ್ಟು ವರ್ಷಗಳು ಹಿಡಿದವು, ಅದೂ ಬರೀ ಮಾತಾಡಿಯೇ. ರೆಕ್ಸಿನ್ ಮಾರುವವರ ಜೊತೆ ಮಾತು, ಮಾಲೀಕರ ಜೊತೆ ಮಾತು, ಹೆಂಗಸಿನ ಕೈಲಿ ಗಾಡಿ ಸೀಟು ಹೊಲಿಸುವುದೇ ಎಂದು ಮೂಗು ಮುರಿದ ಗಿರಾಕಿಗಳ ಜೊತೆ ಮಾತು. ಹಾಗಾಗಿ ಡ್ರ್ಯಾಗ್ ರೇಸ್ ಆಡುವ ಹುಡುಗರಿಗೆ ಮಾತಾಡುವ ಜನ ಬೇಕಾದಾಗ ಅವರು ಬಂದದ್ದು ನನ್ನ ಹತ್ತಿರ.

ಅವರು ಅದಕ್ಕೆ ಮುಂಚೆಯೂ ಬರುತ್ತಿದ್ದರು. ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೆ ತೂಕವೇ ಇಲ್ಲದಂಥ ತೆಳ್ಳನೆಯ ಸೀಟು ಹೊಲಿಸುತ್ತಿದ್ದರು. ಡ್ರ್ಯಾಗ್ ಅಂದರೆ ತಿರುವಿಲ್ಲದ ರೇಸು. ನೇರವಾದ ರಸ್ತೆ, ಪಕ್ಕಪಕ್ಕ ಎರಡು ಲೇನು, ಎರಡು ಗಾಡಿ. ಹಸಿರು ದೀಪ ಹತ್ತಿದರೆ ಹೊರಡಬೇಕು, ಕಾಲು ಮೈಲಿ ಮುಗಿದರೆ ರೇಸೂ ಮುಗಿಯಿತು. ಆ ಕಾಲು ಮೈಲಿಯನ್ನು ಇವರು ಬೆಳಗಿನ ಜಾವದ ರಿಂಗ್ ರೋಡಿನಲ್ಲಿ, ಹಾಲಿನ ಲಾರಿಗಳ ನಡುವೆ ಹುಡುಕುತ್ತಿದ್ದರು. ಒಂದು ಬೆಳಗ್ಗೆ ನಾನೇ ಹೊಲಿದ ಸೀಟೊಂದು ಉದ್ದಕ್ಕೆ ಹರಿದು ವಾಪಸ್ಸು ಬಂತು. ಅದರ ಮೇಲೆ ಕೂತಿದ್ದವನು ಆಸ್ಪತ್ರೆಯಲ್ಲಿದ್ದ. ಸೀಟು ತಂದವರಿಗೆ ಹೇಳಿದೆ: "ರೋಡಿಗೆ ಇಳಿಯಲ್ಲ ಅಂತ ಮಾತು ಕೊಡಿ, ಜಾಗ ನಾನು ಹುಡುಕ್ತೀನಿ." ಕೊಟ್ಟರು. ಜಾಗ ಇರುವ ತನಕ ಮಾತೂ ಇರುತ್ತದೆ, ಜಾಗ ಹೋದರೆ ಮಾತೂ ಹೋಗುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜಾಗ ಸಿಕ್ಕಿದ್ದು ಕೆಂಗೇರಿ ದಾಟಿದ ಮೇಲೆ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಮಾರುತ್ತಿದ್ದ ಯಜಮಾನರೊಬ್ಬರ ಹೊಸ ಲೇಔಟು. ನಡುವೆ ಗೆರೆ ಎಳೆದ ಹಾಗೆ ಅಗಲವಾದ ಟಾರು ರಸ್ತೆ, ಎರಡೂ ಕಡೆ ನಂಬರು ಕಲ್ಲುಗಳು ಬಿಟ್ಟರೆ ಒಂದು ಮನೆಯೂ ಎದ್ದಿರಲಿಲ್ಲ.

"ರೇಸು ಅಂದ್ರೆ ಪೋಲಿ ಹುಡುಗ್ರು ಗುರ್ರ್ ಅನ್ಸೋದು ತಾನೇನಮ್ಮಾ?" ಎಂದರು ಯಜಮಾನರು.

"ರೋಡಲ್ಲಿ ಮಾಡಿದ್ರೆ ಪೋಲಿ ಯಜಮಾನ್ರೇ. ನಿಮ್ಮ ಜಾಗದಲ್ಲಿ ಮಾಡಿದ್ರೆ ಕ್ರೀಡೆ."

ಹೊಟ್ಟೆ ಅಲುಗಿಸಿ ನಕ್ಕರು. ನಕ್ಕ ಮೇಲೆ ವ್ಯವಹಾರ ಸಲೀಸು. ನಿಮ್ಮ ಸೈಟು ನೋಡೋಕೆ ವಾರಕ್ಕೆ ಎರಡು ಕಾರು ಬರುತ್ತೆ, ನಾನು ಒಂದೇ ಬೆಳಗ್ಗೆ ಲೇಔಟು ತುಂಬಿಸ್ತೀನಿ, ಬಂದವರೆಲ್ಲ ನಿಮ್ಮ ರಸ್ತೆ ಎಷ್ಟು ಗಟ್ಟಿ ಅಂತ ಕಣ್ಣಾರೆ ನೋಡಿಕೊಂಡು ಹೋಗ್ತಾರೆ ಎಂದೆ. ಹೊರಡುವ ಜಾಗದಲ್ಲಿ ತಮ್ಮ ಲೇಔಟಿನ ದೊಡ್ಡ ಬೋರ್ಡು ಇರಬೇಕು, ಮೈಕಿನಲ್ಲಿ ಮೊದಲು ತಮ್ಮನ್ನು ಕರೆಯಬೇಕು, ಪೂಜೆ ಆಗಬೇಕು ಎಂದರು. ಅವರ ನೆಲದಲ್ಲಿ ಪೂಜೆ ಇಲ್ಲದೆ ಒಂದು ಗುದ್ದಲಿಯೂ ಬಿದ್ದಿಲ್ಲವಂತೆ.

"ಗೇಟ್ ಹತ್ರ ಒಂದು ತೆಂಗಿನಕಾಯಿ ಒಡೀರಿ, ಸಾಕು" ಎಂದೆ.

"ಆಗ್ಲಿ ಆಗ್ಲಿ" ಎಂದರು.

ಎರಡು ಸಲ ಹೇಳಿದ ಆಗ್ಲಿಯನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಅದು ಮಾತು ಮುಗಿಸುವ ಸದ್ದು ಅಷ್ಟೆ.

ಜನ ಸೇರಿಸುವುದಕ್ಕೆ ನಾನು ಪೋಸ್ಟರು ಅಂಟಿಸಲಿಲ್ಲ. ಓಡಿಸುವ ಪ್ರತಿಯೊಬ್ಬನೂ ತನ್ನ ಮನೆಯವರನ್ನು, ಬೀದಿಯವರನ್ನು ಕರೆತರಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಹೆಂಗಸರಿಗೆ ಕೂರಲು ನೆರಳು, ಬಾಗಿಲು ಸರಿಯಾಗಿ ಹಾಕಿಕೊಳ್ಳುವ ಶೌಚಾಲಯ ಇರಬೇಕು ಎಂದೆ. ಮೊದಲು ಕ್ರೀಡೆ, ಅದೆಲ್ಲ ಆಮೇಲೆ ಎಂದು ಹುಡುಗರು ಗೊಣಗಿದರು. ಅಮ್ಮ, ಅಕ್ಕ, ಹೆಂಡತಿ ಎದ್ದು ಹೊರಟರೆ ಗಂಡಸರೂ ಹಿಂದೆಯೇ ಹೊರಡುತ್ತಾರೆ ಎನ್ನುವುದು ಅವರಿಗೆ ತಿಳಿಯದು. ಪರಿಚಯದ ನರ್ಸಿಂಗ್ ಹೋಮಿನವರು ಆಂಬುಲೆನ್ಸ್ ಕಳಿಸಿದರು. ಪೊಲೀಸ್ ಠಾಣೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ಅನುಮತಿ ಸಿಕ್ಕಿತು. ಹನ್ನೆರಡರ ಮೇಲೆ ಒಂದು ಇಂಜಿನ್ ಸದ್ದೂ ಕೇಳಬಾರದು ಎಂದು ಹೇಳಿಯೇ ಕೊಟ್ಟಿದ್ದರು.

ಆ ಭಾನುವಾರ ಬೆಳಗ್ಗೆ ನಾನು ಹೇಳಿದ್ದಕ್ಕಿಂತ ಹೆಚ್ಚು ಜನ ಬಂದರು. ನೋಡಿ ಖುಷಿ ಪಡುವುದಕ್ಕೂ ಪುರುಸೊತ್ತಾಗಲಿಲ್ಲ. ಹಗ್ಗ ಕಟ್ಟಿದ್ದ ಕಡೆಯೆಲ್ಲ ಮಕ್ಕಳು ನುಗ್ಗುತ್ತಿದ್ದರು. ನನ್ನ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಹೊರಡುವ ಗೆರೆಯ ಹತ್ತಿರ ದೀಪದ ಕಂಬ ನಿಲ್ಲಿಸಿ ವೈರು ಎಳೆದಿದ್ದ. ದೀಪಗಳನ್ನು ಅವನೇ ಜೋಡಿಸಿದ್ದ, ಸಾಮಾನು ನಾನು ಕೊಡಿಸಿದ್ದೆ. ಗೆರೆಯ ಹಿಂದಿನ ಟಾರನ್ನು ಹುಡುಗರು ಗುಡಿಸಿ, ಒರೆಸಿ, ಹಿಂದಿನ ಚಕ್ರವನ್ನು ನಿಂತಲ್ಲೇ ಗಿರಗಿರ ತಿರುಗಿಸಿ ಟೈರಿನ ರಬ್ಬರನ್ನು ನೆಲಕ್ಕೆ ಹಿಡಿಸಿದ್ದರು. ಕಪ್ಪಗೆ ಅಂಟು ಅಂಟಾದ ಆ ಎರಡು ಪಟ್ಟಿಗಳೇ ಇಡೀ ರೇಸಿನ ಜೀವ. ದೀಪ ಹಸಿರಾದಾಗ ಗಾಡಿಯ ಶಕ್ತಿಯೆಲ್ಲ ಅಲ್ಲೇ ನೆಲಕ್ಕೆ ಇಳಿಯುವುದು. ಅಲ್ಲಿ ಹಿಡಿತ ತಪ್ಪಿದರೆ ಗಾಡಿ ಅಡ್ಡ ತಿರುಗುತ್ತದೆ, ಪಕ್ಕದಲ್ಲೇ ಇನ್ನೊಂದು ಗಾಡಿ ಇರುತ್ತದೆ, ಅದರಾಚೆ ಹಗ್ಗ ಹಿಡಿದ ಜನ.

ನಾನು ಶಾಮಿಯಾನದ ಕೆಳಗೆ ಮೈಕು ಪರೀಕ್ಷೆ ಮಾಡುತ್ತಿದ್ದೆ. ಜನ 'ಓ' ಎಂದರು. ತಿರುಗಿ ನೋಡಿದರೆ ಯಜಮಾನರ ಅಕ್ಕನ ಮಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕನ್ನಡಕದ ಹುಡುಗ, ಎಡ ಲೇನಿನ ನಡುವೆ ನಡೆದು ಬರುತ್ತಿದ್ದ. ಕೈಯಲ್ಲಿ ಒಂದು ಮಗುವಿನಷ್ಟು ದಪ್ಪದ ಬೂದುಗುಂಬಳಕಾಯಿ, ಅದರ ನೆತ್ತಿಯ ಮೇಲೆ ಉರಿಯುವ ಕರ್ಪೂರ. ಹಿಂದೆ ಯಜಮಾನರು ಕೈಮುಗಿದುಕೊಂಡು ಬರುತ್ತಿದ್ದರು.

"ಗೇಟ್ ಹತ್ರ! ಗೇಟ್ ಹತ್ರ ಅಣ್ಣಾ!" ಎಂದು ಮೈಕಿನಲ್ಲೇ ಕೂಗಿದೆ. ಕೂಗು ಸ್ಪೀಕರಿನಿಂದ ಹೊರಬಿದ್ದು ಜನರ ಗದ್ದಲದಲ್ಲಿ ಕರಗಿಹೋಯಿತು. ಹುಡುಗ ಮೂರು ಸುತ್ತು ನಿವಾಳಿಸಿ, ತಲೆಯ ಮೇಲಕ್ಕೆ ಎತ್ತಿ, ಹೊರಡುವ ಗೆರೆಯ ಹಿಂದೆ, ಆ ಕಪ್ಪು ಪಟ್ಟಿಯ ಮೇಲೆಯೇ ಅಪ್ಪಳಿಸಿದ.

ಆಯುಧಪೂಜೆಯ ಮಾರನೆಯ ವಾರ ನನ್ನ ಅಂಗಡಿಗೆ ಹರಿದ ಸೀಟುಗಳು ಸಾಲಾಗಿ ಬರುತ್ತವೆ. ರಾಜಾಜಿನಗರದಿಂದ ವಿಜಯನಗರದವರೆಗೆ ಪ್ರತಿ ಅಂಗಡಿಯ ಮುಂದೆ ಒಡೆದ ಕುಂಬಳಕಾಯಿ, ಅದರ ಮೇಲೆ ಜಾರಿದ ಸ್ಕೂಟರುಗಳು. ನಿಧಾನವಾಗಿ ಹೋಗುವ ಸ್ಕೂಟರಿಗೇ ಆ ಗತಿ. ಇಲ್ಲಿ ಬಿಳಿ ತಿರುಳು, ಬೀಜ, ಕುಂಕುಮ ಕಲೆಸಿದ ಕೆಂಪು ನೀರು ಎಡ ಲೇನಿನ ಉದ್ದಗಲಕ್ಕೆ ಹರಡಿತ್ತು. ಒಳಗೆ ಹಾಕಿದ್ದ ಚಿಲ್ಲರೆ ಕಾಸು ಟಣಟಣ ಎಂದು ಉರುಳಿದ್ದೇ ತಡ, ಮಕ್ಕಳು ಹಗ್ಗದ ಕೆಳಗೆ ನುಸುಳಿ ಓಡಿ ಬಂದರು. ಮೊದಲು ಬಂದವನೇ ಜಾರಿ ಕುಂಡಿಯ ಮೇಲೆ ಕೂತ. ಜನ ನಕ್ಕರು. ನನಗೆ ನಗು ಬರಲಿಲ್ಲ.

ಮೆಕ್ಯಾನಿಕ್ ಪೊರಕೆ, ಬಕೆಟ್ಟು ಹಿಡಿದು ಓಡಿ ಬಂದ. "ಮುಗೀತು ಅಕ್ಕಾ, ಎಡಗಡೆ ಲೇನ್ ಹೋಯ್ತು."

ಪೊರಕೆ ನೆಲಕ್ಕೆ ತಾಗುವ ಮೊದಲೇ ಯಜಮಾನರ ದನಿ ಎದ್ದಿತು. "ಏಯ್, ಯಾರೋ ಅದು? ಪೂಜೆ ಮಾಡಿದ ಕುಂಕುಮ ಗುಡಿಸ್ತೀಯೇನೋ? ಹೊತ್ತು ಮುಳುಗೋವರ್ಗೂ ಯಾರೂ ಮುಟ್ಟಂಗಿಲ್ಲ!"

ಎಡ ಲೇನಿನಲ್ಲಿ ಮೊದಲು ಹೊರಡಬೇಕಿದ್ದವನು ಗದಗದ ಕಡೆಯ ಹುಡುಗ. ವಾರವೆಲ್ಲ ಊಟ ತಲುಪಿಸುವ ಡೆಲಿವರಿ ಕೆಲಸ, ವಾಸ ನಂದಿನಿ ಲೇಔಟಿನ ಒಂದು ಕೋಣೆಯಲ್ಲಿ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದು ಆ ಕೆಂಪು ರಾಡಿಯನ್ನು ನೋಡಿದ. "ಅಕ್ಕಾರ, ಇದರ ಮ್ಯಾಲ ನಾ ಗಾಡಿ ಬಿಡಂಗಿಲ್ರಿ. ನಾಳೆ ದುಡಿಯಾಕ ಕೈಕಾಲು ಬೇಕಲ್ರಿ."

"ಹೆದ್ರಿಕೆ ಆದ್ರೆ ಮನೇಲಿರ್ಬೇಕು ಗುರು" ಎಂದ ಅಕ್ಕನ ಮಗ. "ಒಂದು ಕುಂಬಳಕಾಯಿಗೆ ಇಷ್ಟು ನಾಟ್ಕಾನಾ?"

"ನೀವ ಕುಂದರ್ರಿ ಸಾಹೇಬ್ರ, ನಾ ಹಿಂದಿಂದ ನೂಕ್ತೀನಿ."

ಹಗ್ಗದ ಆಚೆ ಸಿಳ್ಳೆ ಬಿತ್ತು. ಅಕ್ಕನ ಮಗನ ಕಿವಿ ಕೆಂಪಾಯಿತು. ತಮ್ಮ ಮನೆಯ ಹುಡುಗನನ್ನು ತಮ್ಮದೇ ನೆಲದಲ್ಲಿ ನಗೆಪಾಟಲು ಮಾಡಿದರೆ ಯಾವ ಯಜಮಾನರು ಸುಮ್ಮನಿರುತ್ತಾರೆ? "ಈ ಕುಂಕುಮಕ್ಕೆ ಒಂದು ಪೊರಕೆ ತಾಗ್ಲಿ, ಗೇಟ್ ಹಾಕಿಸ್ತೀನಿ. ಎಲ್ರೂ ಹೊರಗೆ" ಎಂದರು.

ಆಗ ನನ್ನ ಕೈಯಲ್ಲಿದ್ದದ್ದು ಎರಡೇ ದಾರಿ. ಯಜಮಾನರನ್ನು ಎದುರು ಹಾಕಿಕೊಂಡರೆ ಜಾಗ ಹೋಗುತ್ತದೆ, ಹುಡುಗರು ಮತ್ತೆ ಹಾಲಿನ ಲಾರಿಗಳ ನಡುವೆ. ಅವರ ಮಾತು ಕೇಳಿದರೆ ಅಷ್ಟು ದೂರವೂ ಹೋಗಬೇಕಿಲ್ಲ, ಹುಡುಗ ಇಲ್ಲೇ ಬೀಳುತ್ತಾನೆ.

ಚೌಕಾಸಿಯ ಜಾಗವನ್ನು ನೀವೇ ಆರಿಸಿಕೊಳ್ಳಿ. ನಾಲ್ಕು ಜನರ ಎದುರಿಗೆ ಯಾರೂ ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ. "ಯಜಮಾನ್ರೇ, ಒಂದು ಲೋಟ ನೀರು ಕುಡೀರಿ ಬನ್ನಿ" ಎಂದು ಅವರನ್ನು ನೀರಿನ ಟ್ಯಾಂಕರಿನ ಮರೆಗೆ ಕರೆದುಕೊಂಡು ಹೋದೆ.

"ಕುಂಕುಮ ಅಳಿಸಲ್ಲ" ಎಂದೆ ಮೊದಲಿಗೇ.

"ಹಂಗಾದ್ರೆ ಓಡ್ಸು."

"ಓಡ್ಸಿದ್ರೆ ಹುಡುಗ ಬೀಳ್ತಾನೆ."

"ದೃಷ್ಟಿ ತೆಗ್ಸಿದೀನಲ್ಲಮ್ಮಾ. ಯಾರೂ ಬೀಳಲ್ಲ."

ಅವರ ಭಕ್ತಿಯ ಜೊತೆ ನಾನು ವಾದಕ್ಕೆ ಇಳಿಯಲಿಲ್ಲ. ಟ್ಯಾಂಕರಿನ ಪಕ್ಕದಿಂದ ಬಗ್ಗಿ ನೋಡಿ ಎಂದೆ. ಹಗ್ಗದ ಉದ್ದಕ್ಕೂ ಕೈಗಳು ಮೇಲೆದ್ದಿದ್ದವು, ಪ್ರತಿ ಕೈಯಲ್ಲೂ ಫೋನು.

"ಹುಡುಗ ಬಿದ್ದ ಅಂತ ಇಟ್ಕೊಳ್ಳಿ. ಆ ವಿಡಿಯೋದಲ್ಲಿ ಅವನ ತಲೆ ಮೇಲೆ ಏನು ಕಾಣುತ್ತೆ? ನಿಮ್ಮ ಲೇಔಟ್ ಬೋರ್ಡು. ಸೈಟ್ ತಗೊಳ್ಳೋರು ಈಗ ಮೊದ್ಲು ಜಾಗ ನೋಡಲ್ಲ, ಫೋನ್ ನೋಡ್ತಾರೆ. ನಿಮ್ಮ ಲೇಔಟ್ ಹೆಸರು ಹಾಕಿದ್ರೆ ಸಿಗೋದು ಅದೇ. ಆಂಬುಲೆನ್ಸು, ಕುಂಬಳಕಾಯಿ, ಬೋರ್ಡು."

ಯಜಮಾನರು ನೀರಿನ ಲೋಟವನ್ನು ತುಟಿಗೆ ಹಿಡಿದುಕೊಂಡೇ ನಿಂತರು. "ನನ್ನ ಹೆದ್ರಿಸ್ತಿದೀಯಾ?"

"ಹೆದ್ರಿರೋಳು ನಾನು ಯಜಮಾನ್ರೇ. ಒಬ್ಳೇ ಹೆದ್ರೋದು ಬೇಡ ಅಂತ ನಿಮ್ಮನ್ನೂ ಕರೆದೆ."

ನಗಲಿಲ್ಲ. ಆದರೆ ಲೋಟ ಕೆಳಗಿಟ್ಟರು. ನಾನು ಮುಂದೆ ಇಟ್ಟ ಲೆಕ್ಕ ಇಷ್ಟು: ಎಡ ಲೇನಿಗೆ ಯಾರೂ ಕೈ ಹಚ್ಚುವುದಿಲ್ಲ, ಕುಂಕುಮ ಇದ್ದ ಹಾಗೇ ಇರಲಿ. ಬಲ ಲೇನಿನಲ್ಲಿ ಒಬ್ಬೊಬ್ಬನೇ ಓಡಿಸುತ್ತಾನೆ, ಗಡಿಯಾರ ನೋಡಿ ಗೆದ್ದವನು ಯಾರು ಎಂದು ಹೇಳುತ್ತೇವೆ.

"ರೇಸ್ ಅಂದ್ರೆ ಇಬ್ರಿರ್ತಾರೆ ಅಂತ ನೀನೇ ಅಂದಿದ್ದೆ."

"ಇವತ್ತು ಒಬ್ಬ. ಅವನೂ ನೆಟ್ಟಗೆ ಮನೆಗೆ ಹೋಗ್ಬೇಕು."

"ಮಾಡ್ಕೋ" ಎಂದು ಹೊರಟುಬಿಟ್ಟರು. ಅದು ಒಪ್ಪಿಗೆಯೋ ಸಿಟ್ಟೋ ಗೊತ್ತಾಗಲಿಲ್ಲ. ವಿಚಾರಿಸುತ್ತಾ ನಿಲ್ಲುವ ಹೊತ್ತೂ ಅಲ್ಲ.

ಬಲ ಲೇನೂ ಪೂರ್ತಿ ಶುದ್ಧವಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಬೀಜ ಸಿಡಿದಿತ್ತು, ಎಲ್ಲಾದರೂ ಕಾಸು ಇರಬಹುದಿತ್ತು. ಪೊರಕೆ ಎಳೆದರೆ ಎಡಗಡೆಯ ನೀರು ಇತ್ತ ಬರುತ್ತದೆಂದು ನಾನು, ಮೆಕ್ಯಾನಿಕ್, ನಾಲ್ಕು ಹುಡುಗರು ಮಂಡಿಯೂರಿ ಕೈಯಿಂದಲೇ ಹೆಕ್ಕಿದೆವು. ಟಾರು ಆಗಲೇ ಕಾದಿತ್ತು. ಹಗ್ಗದ ಕಡೆಯಿಂದ ಒಬ್ಬ ಕೂಗಿದ: "ಆಂಟೀ, ಪಲ್ಯಕ್ಕೆ ಆಯ್ಕೊಳ್ತಿದೀರಾ?"

"ನಿಮ್ಮನೆಗೇ ಕಳಿಸ್ತೀನಿ, ವಿಳಾಸ ಹೇಳು" ಎಂದೆ, ತಲೆ ಎತ್ತದೆ.

ನಗು ಎದ್ದಿತು, ಆದರೆ ಜನ ಬೇಸರಗೊಳ್ಳತೊಡಗಿದ್ದರು. ಒಬ್ಬೊಬ್ಬನೇ ಓಡಿಸುವುದಂತೆ ಎನ್ನುವ ಸುದ್ದಿ ಹಬ್ಬಿ, ಶಾಮಿಯಾನದ ಹಿಂದಿನ ಸಾಲು ಖಾಲಿಯಾಗುತ್ತಿತ್ತು. ಇಬ್ಬರಿದ್ದರೆ ಯಾರು ಮುಂದೆ ಎಂದು ಕಣ್ಣಿಗೇ ಕಾಣುತ್ತದೆ. ಒಬ್ಬನೇ ಹೋದರೆ ಸೊಯ್ಯ್ ಎನ್ನುವ ಸದ್ದು, ಆಮೇಲೆ ಹೊಗೆ. ಅದನ್ನು ನೋಡುವುದಕ್ಕೆ ಬಿಸಿಲಲ್ಲಿ ಯಾರು ನಿಲ್ಲುತ್ತಾರೆ? ಏನು ಹೇಳಬೇಕೆಂದು ಯೋಚಿಸದೆಯೇ ಮೈಕು ತೆಗೆದುಕೊಂಡೆ. ಗೆರೆಯ ಹಿಂದೆ ಗದಗದ ಹುಡುಗ ಹೆಲ್ಮೆಟ್ ಹಾಕಲು ಎತ್ತಿದ್ದ.

"ಹಾಕ್ಬೇಡ, ಇರು. ಮುಖ ತೋರ್ಸು ಎಲ್ರಿಗೂ. ಇವನ ಊರು ಗದಗದ ಕಡೆ, ಇರೋದು ನಮ್ಮ ನಂದಿನಿ ಲೇಔಟಲ್ಲಿ. ನಿಮ್ಮಲ್ಲಿ ಎಷ್ಟು ಜನಕ್ಕೆ ಬಿರಿಯಾನಿ ತಂದ್ಕೊಟ್ಟಿದಾನೋ ಅವನಿಗೇ ಗೊತ್ತಿಲ್ಲ."

"ನಂಗೊಂದ್ಸಲ ತಣ್ಣಗಿರೋದು ತಂದಿದ್ದ!" ಎಂದು ಯಾರೋ ಅರಚಿದರು.

"ಇವತ್ತು ಬಿಸಿಯಾಗಿ ಹೋಗ್ತಾನೆ, ನೋಡ್ಕೋ ಮಗಾ!"

ನಂದಿನಿ ಲೇಔಟಿನ ಕಡೆಯವರು ಒಂದು ಮೂಲೆಯಲ್ಲಿದ್ದರಂತೆ, ಕೈ ಎತ್ತಿ ಕೂಗಿದರು. ಹುಡುಗ ನಾಚಿ ಹೆಲ್ಮೆಟ್ ಹಾಕಿಕೊಂಡ. ದೀಪ ಹಳದಿಗೆ ಬಂತು. ನನ್ನ ಕಣ್ಣು ದೀಪದ ಮೇಲೆ ಇರಲಿಲ್ಲ, ಅವನ ಹಿಂದಿನ ಚಕ್ರದ ಮೇಲಿತ್ತು. ಹಸಿರು. ಗಾಡಿ ಚಂಗನೆ ಹೊರಟಿತು, ಹಿಂದಿನ ಚಕ್ರ ಒಂದು ಗೇಣು ಎಡಕ್ಕೆ ಸರಿಯಿತು, ಆ ಕೆಂಪು ನೀರಿನ ಕಡೆಗೆ. ನನ್ನ ಬಾಯಿಂದ ಹೊರಟ 'ಅಯ್ಯೋ' ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅವನು ಮೈ ಬಲಕ್ಕೆ ಒರಗಿಸಿದ, ಗಾಡಿ ನೆಟ್ಟಗಾಯಿತು, ಹೋಯಿತು. ಆಚೆ ತುದಿಯಲ್ಲಿ ಹಸಿರು ಬಾವುಟ ಎದ್ದು ಅವನು ಸುರಕ್ಷಿತವಾಗಿ ನಿಂತ ಎಂದು ಗೊತ್ತಾಗುವವರೆಗೆ ನಾನು ಮುಂದಿನವನನ್ನು ಕರೆಯಲಿಲ್ಲ.

ಆಮೇಲೆ ಪ್ರತಿಯೊಬ್ಬನನ್ನೂ ಹಾಗೆಯೇ ನಿಲ್ಲಿಸಿದೆ. ಇವನು ಮಲ್ಲತ್ತಹಳ್ಳಿ ಕೆರೆ ಹತ್ತಿರದವನು, ಹಗಲು ಎಳನೀರು ಮಾರುತ್ತಾನೆ. ಇವನು ಬಸವೇಶ್ವರನಗರದವನು, ಇಂಜಿನಿಯರಿಂಗ್ ಓದುತ್ತಿದ್ದಾನೆ, ಓದುತ್ತಿದ್ದಾನೆ ಅಂತ ಅವರಮ್ಮ ಅಂದುಕೊಂಡಿದ್ದಾರೆ. ಹೋಗಲು ಎದ್ದಿದ್ದವರು ನಿಂತರು. ತಮ್ಮ ಏರಿಯಾದ ಹೆಸರು ಬರುತ್ತದೆಯೇ ಎಂದು ಕಾದರು. ಹೆಲ್ಮೆಟ್ಟಿಗೆ ಅಭಿಮಾನಿಗಳು ಹುಟ್ಟುವುದಿಲ್ಲ, ಮುಖಕ್ಕೆ ಹುಟ್ಟುತ್ತಾರೆ. ಇದನ್ನು ನನ್ನಿಂದ ಕೇಳಿ ಬರೆದಿಟ್ಟುಕೊಳ್ಳಿ.

ಹನ್ನೆರಡಕ್ಕೆ ಸ್ವಲ್ಪವೇ ಹೊತ್ತು ಬಾಕಿ ಇರುವಾಗ ಗದಗದ ಹುಡುಗನೂ ಮಲ್ಲತ್ತಹಳ್ಳಿಯ ಎಳನೀರಿನ ಹುಡುಗನೂ ಗಡಿಯಾರದಲ್ಲಿ ಹೆಚ್ಚುಕಮ್ಮಿ ಸಮಸಮ ಬಂದಿದ್ದಾರೆ ಎಂದು ಮೆಕ್ಯಾನಿಕ್ ಹೇಳಿದ. ನಾನು ಅದನ್ನು ಮೈಕಿನಲ್ಲಿ ಹೇಳಿದ್ದೇ ತಪ್ಪಾಯಿತು. "ಇಬ್ರನ್ನೂ ಬಿಡಿ! ಇಬ್ರನ್ನೂ ಬಿಡಿ!" ಎಂದು ಜನ ಹಗ್ಗ ಜಗ್ಗತೊಡಗಿದರು. ಟ್ಯಾಂಕರಿನ ಮರೆಯಿಂದ ಹೋದ ಮೇಲೆ ಕುರ್ಚಿ ಬಿಟ್ಟು ಏಳದಿದ್ದ ಯಜಮಾನರು ಯಾವಾಗಲೋ ಹಗ್ಗದ ಪಕ್ಕ ಬಂದು ನಿಂತಿದ್ದರು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

"ತೊಳಿಸಮ್ಮಾ ಎಡಗಡೆ! ಇಬ್ರನ್ನೂ ಒಟ್ಟಿಗೆ ಬಿಡು!"

"ಯಜಮಾನ್ರೇ, ಕುಂಕುಮ—"

"ನಾನೇ ಹೇಳ್ತಿದೀನಲ್ಲ, ತೊಳ್ಸು!"

ಅಕ್ಕನ ಮಗ ಆಗಲೇ ಟ್ಯಾಂಕರಿನ ಪೈಪು ಎಳೆದು ನೀರು ಬಿಟ್ಟಿದ್ದ. ಬಿಸಿಲಿಗೆ ಒಣಗಿ ಹಿಡಿದಿದ್ದ ತಿರುಳು ನೀರು ಬಿದ್ದ ಕೂಡಲೇ ಲೋಳೆಯಾಗಿ ರಬ್ಬರಿನ ಮೇಲೆ ಹರಡಿತು. ಒದ್ದೆ ಮಾಡಿದ ಮೇಲೆ ಒಣಗಲು ಹೊತ್ತು ಬೇಕು, ಆ ಹೊತ್ತು ನಮ್ಮ ಹತ್ತಿರ ಇರಲಿಲ್ಲ.

ಎಳನೀರಿನ ಹುಡುಗ ಬಲ ಲೇನಿನಲ್ಲಿ ಗಾಡಿ ತಂದು ನಿಲ್ಲಿಸಿದ. ಬೆಳಗ್ಗೆ ಆಗುವುದಿಲ್ಲ ಎಂದ ಗದಗದವನೇ ಈಗ ಎಡ ಲೇನಿನ ಹಿಂದೆ ನಿಂತು ನನ್ನ ಮುಖ ನೋಡಿದ. "ಒಂದ ಸಲ ಬಿಡ್ರಿ ಅಕ್ಕಾರ. ಮಂದಿ ಕೇಳಾಕತ್ತಾರ."

ಈ ಜನ, ಈ ಕೂಗು ಬೇಕೆಂದೇ ನಾನು ಅಷ್ಟು ಅಂಗಡಿಗಳ ಮೆಟ್ಟಿಲು ಹತ್ತಿದ್ದೆ. ಯಜಮಾನರಂಥ ಪ್ರಾಯೋಜಕರು ಹೀಗೆ ಹಗ್ಗ ಹಿಡಿದು ಕುಣಿಯಲಿ ಎಂದೇ ಹಂಬಲಿಸಿದ್ದೆ. ಎಲ್ಲ ಸಿಕ್ಕಿತ್ತು. ಒಂದು ಬೆರಳು ಆಡಿಸಿದರೆ ಮುಂದಿನ ವರ್ಷದ ಜಾಗವೂ ನನ್ನದೇ.

ದೀಪದ ಕಂಬದ ಹತ್ತಿರ ಹೋಗಿ ಪ್ಲಗ್ಗು ಕಿತ್ತೆ. ವೈರು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ಕೂಗು ಬೈಗುಳಕ್ಕೆ ತಿರುಗಿತು. ನೀರಿನ ಬಾಟಲಿಯೊಂದು ನನ್ನ ಕಾಲ ಬಳಿ ಬಿತ್ತು. ಯಜಮಾನರು ಹಗ್ಗ ದಾಟಿ ಬಂದರು. "ಏನಮ್ಮಾ ಇದು? ಇದು ನನ್ನ ರಸ್ತೆ!"

"ರಸ್ತೆ ನಿಮ್ದು ಯಜಮಾನ್ರೇ. ದೀಪ ನಂದು."

"ದೀಪ ಇಲ್ದಿದ್ರೇನು ಮಾವ, ನಾನು ಟವೆಲ್ ಬೀಸ್ತೀನಿ!" ಎಂದು ಅಕ್ಕನ ಮಗ ಗೆರೆಯ ಮೇಲೆ ಹೋಗಿ ನಿಂತ. ಹೆಗಲ ಟವೆಲು ಕೈಗೆ ಬಂತು. ಎರಡು ಇಂಜಿನ್ನುಗಳೂ ಕಿರುಚಿದವು. ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಎಡ ಲೇನಿನ ಮುಂದೆ, ಗಾಡಿಗೆ ಅಡ್ಡವಾಗಿ ಹೋಗಿ ನಿಂತೆ. ಧೈರ್ಯದಿಂದಲ್ಲ, ಬೇರೆ ಏನೂ ತೋಚಲಿಲ್ಲ. ಗದಗದ ಹುಡುಗನಿಗೆ ಅವನ ಮುಂದಿನ ಚಕ್ರದ ಕೆಳಗಿನ ನೆಲ ತೋರಿಸಿ, ಕಾಲಿಡು ಎಂದು ಸನ್ನೆ ಮಾಡಿದೆ.

ಅವನು ಬೂಟಿನ ಅಂಗಾಲನ್ನು ಒದ್ದೆ ಟಾರಿನ ಮೇಲೆ ಊರಿದ. ಕಾಲು ಸರ್ರನೆ ಹೊರಕ್ಕೆ ಜಾರಿತು. ನಿಂತ ಗಾಡಿಯೇ ವಾಲಿ, ಹ್ಯಾಂಡಲ್ ಹಿಡಿದು ಹೇಗೋ ತಡೆದ. ಹೆಲ್ಮೆಟ್ಟಿನ ಗಾಜಿನ ಹಿಂದೆ ಅವನ ಕಣ್ಣು ನನ್ನನ್ನು ಒಂದು ಕ್ಷಣ ನೋಡಿತು. ಕೀ ತಿರುಗಿಸಿದ. ಒಂದು ಇಂಜಿನ್ ನಿಂತಿತು, ಆಮೇಲೆ ಇನ್ನೊಂದು.

"ಬ್ಯಾಡ್ರಿ ಸಾಹೇಬ್ರ" ಎಂದ, ಟವೆಲಿನವನಿಗೆ.

ಜನ ಗೊಣಗುತ್ತಾ ಕರಗಿದರು. ತಾವೇ ಕೊಡಬೇಕಿದ್ದ ಬಹುಮಾನವನ್ನೂ ಕೊಡದೆ ಯಜಮಾನರು ಕಾರಿನ ಬಾಗಿಲು ತೆಗೆದರು. "ಮುಂದಿನ ಸಲ ಬೇರೆ ಜಾಗ ನೋಡ್ಕೋಮ್ಮಾ" ಎಂದರು. ಸಿಟ್ಟಿನಲ್ಲಿರುವವರ ಜೊತೆ ಚೌಕಾಸಿ ಮಾಡಬೇಡಿ, ಆಗ ಅವರು ಹೇಳಿದ ಬೆಲೆಗೆ ಅವರೇ ಅಂಟಿಕೊಂಡುಬಿಡುತ್ತಾರೆ. ಗೇಟಿನ ಹತ್ತಿರ ನಿಂತು ನೋಡಿದೆ. ಓಡಿಸಲು ಬಂದವರೆಲ್ಲ ತಮ್ಮ ತಮ್ಮ ಗಾಡಿಯ ಮೇಲೆ ತಾವೇ ಕೂತು ಹೋದರು. ಆಂಬುಲೆನ್ಸು ಖಾಲಿ ಹೋಯಿತು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಸೀಟು ಹೊಲಿಸಲು ಬಂದ ಹುಡುಗರು ಜಾಗದ ಮಾತು ತೆಗೆಯುತ್ತಿದ್ದರು. "ಅಕ್ಕಾ, ಬೆಳಗ್ಗೆ ಬೆಳಗ್ಗೆ ರಿಂಗ್ ರೋಡ್ ಖಾಲಿ ಇರುತ್ತೆ" ಎಂದ ಒಬ್ಬ, ಸುಮ್ಮನೆ ಹೇಳಿದವನ ಹಾಗೆ. ಕತ್ತರಿ ನನ್ನ ಕೈಯಲ್ಲಿ ನಿಂತಿತು. "ಇನ್ನೊಂದು ವಾರ ಇರ್ರೋ" ಎಂದೆ. ಒಂದು ವಾರದಲ್ಲಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆ ವಾರದಲ್ಲೇ ಮಲ್ಲತ್ತಹಳ್ಳಿಯ ಬೇಕರಿಯವರೊಬ್ಬರು ಹೆಂಡತಿಯ ಜೊತೆ ನನ್ನ ಅಂಗಡಿ ಹುಡುಕಿಕೊಂಡು ಬಂದರು. ರೇಸು ನೋಡಿದ್ದರಂತೆ. "ನಮ್ಮ ಎಳನೀರು ಹುಡುಗನ ಗಾಡಿ ಮೇಲೆ ನಮ್ಮ ಬೇಕರಿ ಹೆಸರು ಹಾಕ್ಸೋಣ ಅಂತ ಅಮ್ಮಾ. ಎಷ್ಟಾಗುತ್ತೆ?" ನಾನು ಬೆಲೆ ಹೇಳಲಿಲ್ಲ. ಸ್ವಂತ ಮನೆ ಇದೆಯಾ ಎಂದು ಕೇಳಿದೆ. ಬಾಡಿಗೆ, ಸೈಟು ನೋಡುತ್ತಿದ್ದೇವೆ ಎಂದರು. ಅವರನ್ನು, ಅವರ ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಕೆಂಗೇರಿಗೆ, ಯಜಮಾನರ ಆಫೀಸಿಗೆ ಹೋದೆ.

ಯಜಮಾನರು ನನ್ನನ್ನು ಕಂಡು ಮುಖ ತಿರುಗಿಸಿದರು. ಬೇಕರಿಯವರಿಗೆ ಕುರ್ಚಿ ಹಾಕಿಸಿದರು. "ನಮ್ಮ ಲೇಔಟ್ ಹೆಂಗೆ ಗೊತ್ತಾಯ್ತು ನಿಮ್ಗೆ?"

"ರೇಸ್ ನೋಡೋಕೆ ಬಂದಿದ್ವಿ ಸಾರ್. ನಮ್ಮ ಏರಿಯಾ ಹುಡುಗ ಓಡ್ಸಿದ್ನಲ್ಲ" ಎಂದರು ಬೇಕರಿಯವರ ಹೆಂಡತಿ. "ಇವ್ರು ಲೈಟ್ ಕಿತ್ತಾಗ ನಂಗೂ ಸಿಟ್ಟು ಬಂತು. ಆಮೇಲೆ ವಿಡಿಯೋದಲ್ಲಿ ಆ ಹುಡುಗನ ಕಾಲು ಜಾರಿದ್ದು ನೋಡಿ ಎದೆ ಧಸಕ್ ಅಂತು."

ಯಜಮಾನರು ಮೇಜಿನ ಮೇಲಿನ ಲೇಔಟ್ ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಖಾಲಿ ಸೈಟುಗಳ ಮೇಲೆ ಬೆರಳಾಡಿಸಿದರು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

"ಗೇಟ್ ಬೀಗದ ಕೈ ಯಾವತ್ತು ಬೇಕು?" ಎಂದರು ಕೊನೆಗೆ, ನಕ್ಷೆಯಿಂದ ತಲೆ ಎತ್ತದೆ. "ಪೂಜೆ ಮಾತ್ರ ಬಿಡಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ."

"ಬಿಡ್ಬೇಡಿ. ಎಲ್ಲಿ ಮಾಡ್ಬೇಕು ಅಂತ ಹೋಗಿ ಸುಣ್ಣದಲ್ಲಿ ಗೆರೆ ಹಾಕ್ಬಿಡೋಣ, ಎದ್ದೇಳಿ."

"ಈಗ್ಲಾ? ಈ ಬಿಸ್ಲಲ್ಲಾ?"

"ಈಗ್ಲೇ ಯಜಮಾನ್ರೇ. ಹೆಂಗೂ ಇವ್ರಿಗೆ ಸೈಟ್ ತೋರಿಸ್ಬೇಕಲ್ಲ."

ಗೊಣಗಿಕೊಂಡೇ ಚಪ್ಪಲಿ ಮೆಟ್ಟಿದರು. ನಾನು ಸುಣ್ಣದ ಡಬ್ಬಿ ಹುಡುಕಿ ಕೈಗೆತ್ತಿಕೊಂಡೆ.